ಹಾಲಮ್ಮ ಹಾಕಿಸಿದ ಚಿಲಕ

ಬಹಳ ಹಿಂದೆ, ಒಂದೂರಲ್ಲಿ, ನಾಲ್ಕು ಕೇರಿಗೆ ಸೇರಿ ಒಂದೇ ನೀರಿನ ಟ್ಯಾಂಕ್ ಇತ್ತು. ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳಿದರೆ ಹತ್ತು ಊರಿನವರು ಅವಳು ನಮ್ಮವಳು ಅಂತ ಎದ್ದು ಬರ್ತಾರೆ. ಯಾವ ವರ್ಷ ಅಂತಲೂ ಕೇಳಬೇಡಿ. ಹಾಲಮ್ಮನ ಕತೆಯನ್ನು ಯಾರೂ ಕ್ಯಾಲೆಂಡರ್ ನೋಡಿಕೊಂಡು ಹೇಳಿದವರಲ್ಲ.

ಹಾಲಮ್ಮ ಆ ಊರಿಗೆ ಸೊಸೆಯಾಗಿ ಬಂದವಳು. ಅವಳು ಕಂಪ್ಯೂಟರ್ ಪೆಟ್ಟಿಗೆಗೆ ಕಿವಿಯಿಟ್ಟರೆ ಒಳಗಿನ ಜಗಳ ಕೇಳಿಸುತ್ತಿತ್ತು ಅಂತಾರೆ. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಕೆಟ್ಟ ಪ್ರೋಗ್ರಾಂ ತಾನೇ ಸರಿಹೋಗುತ್ತಿತ್ತು ಅಂತಾರೆ. ಅವಳ ಕಂಕುಳಲ್ಲಿದ್ದ ಕೂಸು ಅಮ್ಮ ಅನ್ನುವುದಕ್ಕೆ ಮುಂಚೆ ಪ್ರೋಗ್ರಾಂ ಓದುತ್ತಿತ್ತು ಅಂತಲೂ ಅಂತಾರೆ. ಅನ್ನುವವರನ್ನು ಹಿಡಿಯುವುದು ಯಾರು. ಕೂಸು ಎಲ್ಲ ಕೂಸಿನ ಹಾಗೆ ಅಳುತ್ತಿತ್ತು, ಹಾಲಮ್ಮ ಎಲ್ಲ ಸೊಸೆಯರ ಹಾಗೆ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಕಿವಿಗೆ ಬಿದ್ದದ್ದನ್ನು ನಾನು ಹೇಳ್ತೀನಿ. ಹೆಚ್ಚು ಕಮ್ಮಿ ಆದರೆ ನೀವು ತಿದ್ದಿಕೊಳ್ಳಿ.

ಅವಳ ಮಾವ ಮೈಲಾರಪ್ಪ ಊರಿನ ನೀರಗಂಟಿ. ಅಂದರೆ ಟ್ಯಾಂಕ್ ತುಂಬಿಸಿ, ಕೇರಿ ಕೇರಿಗೆ ಪಾಳಿ ಪ್ರಕಾರ ನೀರು ಬಿಡುವವನು. ಪಂಪ್‌ಹೌಸಿನ ಬೀಗದ ಕೈ ಅವನ ಉಡಿದಾರದಲ್ಲಿ ಮೂವತ್ತು ವರ್ಷದಿಂದ ಇತ್ತು. ಮಲಗುವಾಗಲೂ ಬಿಚ್ಚುತ್ತಿರಲಿಲ್ಲವಂತೆ. ಅವನ ಸೊಂಟದಲ್ಲಿ ಆ ಕೈಯ ಗುರುತು ಮಚ್ಚೆಯ ಹಾಗೆ ಮೂಡಿತ್ತು ಅಂತಾರೆ.

ಹೀಗಿರುವಾಗ ಪಂಪ್‌ಹೌಸಿಗೆ ಒಂದು ಪೆಟ್ಟಿಗೆ ಬಂತು. ಇನ್ನು ಮೇಲೆ ವಾಲ್ವ್ ತಿರುಗಿಸುವ ಕೆಲಸ ಪೆಟ್ಟಿಗೆಯದು, ಬಾಗಿಲು ಕಾಯುವ ಕೆಲಸ ಮೈಲಾರಪ್ಪನದು ಅಂದರು. ಪೆಟ್ಟಿಗೆಯ ಪ್ರೋಗ್ರಾಂ ಬರೆದವರು ಇಂಜಿನಿಯರ್ ವಾಮದೇವಯ್ಯನವರು. ಒಳ್ಳೆಯ ಮನುಷ್ಯ. ತನ್ನದು ತಪ್ಪು ಅನ್ನುವ ಮಾತೊಂದು ಬಿಟ್ಟರೆ ಉಳಿದ ಎಲ್ಲ ಮಾತೂ ಅವರ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು.

ಆ ಪೆಟ್ಟಿಗೆಯೊಳಗಿನ ವ್ಯವಸ್ಥೆ ಹೇಳ್ತೀನಿ ಕೇಳಿ. ಒಳಗೆ ನಾಲ್ಕು ಆಳು ಇದ್ದಾರೆ ಅಂದುಕೊಳ್ಳಿ. ಕೇರಿಗೊಬ್ಬ ಆಳು. ಪ್ರೋಗ್ರಾಂ ಬರೆಯುವವರು ಅದಕ್ಕೆ ಥ್ರೆಡ್ ಅಂತಾರೆ, ನಾವು ಆಳು ಅಂತಲೇ ಅನ್ನೋಣ. ನಾಲ್ವರ ನಡುವೆ ಒಂದು ಹಲಗೆ. ಆಳು ಬಂದು ಹಲಗೆ ನೋಡಬೇಕು. ಹಲಗೆ ಖಾಲಿ ಇದ್ದರೆ ತನ್ನ ಕೇರಿಯ ಹೆಸರು ಬರೆದು, ವಾಲ್ವ್ ತೆರೆದು, ನೀರು ಬಿಡಬೇಕು. ಹೆಸರು ಇದ್ದರೆ ಸುಮ್ಮನೆ ಕಾಯಬೇಕು. ಕೆಲಸ ಮುಗಿದ ಮೇಲೆ ಹೆಸರು ಅಳಿಸಬೇಕು. ಒಂದು ಸಲಕ್ಕೆ ಒಂದೇ ಕೇರಿಗೆ ನೀರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಕೇಳುವುದಕ್ಕೆ ಚೆನ್ನಾಗಿತ್ತು, ಮೂರು ತಿಂಗಳು ನೋಡುವುದಕ್ಕೂ ಚೆನ್ನಾಗಿತ್ತು.

ಆಮೇಲೆ ಒಂದು ದಿನ ಮೇಲಿನ ಕೇರಿಯ ಪಾಳಿಯಲ್ಲಿ ಮೇಲಿನ ಕೇರಿಯ ನಲ್ಲಿ ಬುಸ್ ಅಂದು ಸುಮ್ಮನಾಯಿತು. ಅದೇ ಹೊತ್ತಿಗೆ ಕೆಳಗಿನ ಕೇರಿಯ ನಲ್ಲಿಯಲ್ಲಿ ಪಾಳಿ ಇಲ್ಲದೆ ನೀರು ಸುರಿಯಿತು. ಎರಡು ದಿನ ಸರಿಯಾಯಿತು, ಮೂರನೆಯ ದಿನ ಮತ್ತೆ ಹಾಗೇ. ಐದು ದಿನ ಸರಿ, ಆರನೆಯ ದಿನ ಮತ್ತೆ. ಇದಕ್ಕೆ ಲೆಕ್ಕವಿಲ್ಲ, ಸೂಚನೆಯಿಲ್ಲ. ಮೈಲಾರಪ್ಪನ ಮನೆ ಇದ್ದದ್ದು ಯಾವ ಕೇರಿಯಲ್ಲಿ? ಕೆಳಗಿನ ಕೇರಿಯಲ್ಲಿ. ಇನ್ನೇನು ಬೇಕು.

ಮೇಲಿನ ಕೇರಿಯ ಬಸಲಿಂಗವ್ವ ಬಾಯಿ ತೆರೆದರೆ ನಾಲ್ಕು ಕೇರಿಗೂ ಕೇಳುತ್ತಿತ್ತು ಅಂತಾರೆ. ಅವಳು ನಲ್ಲಿಯ ಮುಂದೆ ನಿಂತು ಊರಿಗೇ ಹೇಳಿದಳಂತೆ, ಮುದುಕನಿಗೆ ಸೊಸೆ ಬಂದಳು, ಮೊಮ್ಮಗು ಬಂತು, ಬಟ್ಟೆ ಜಾಸ್ತಿಯಾಯಿತು, ಅದಕ್ಕೆ ನಮ್ಮ ನೀರು ಇಳಿಜಾರು ಹುಡುಕಿಕೊಂಡು ಹೋಗ್ತಿದೆ ಅಂತ. ಕೂಸಿನ ಚಡ್ಡಿ ಒಗೆಯುವುದಕ್ಕೆ ನಮ್ಮ ಕೇರಿ ಒಣಗಬೇಕಾ ಅಂತ. ಮೈಲಾರಪ್ಪ ತಿರುಗಿ ಜಗಳ ಆಡುವ ಜಾತಿಯ ಮನುಷ್ಯನೇ ಅಲ್ಲ. ಅವತ್ತಿನಿಂದ ಊಟದಲ್ಲಿ ಎರಡು ರೊಟ್ಟಿ ಕಮ್ಮಿ ಮಾಡಿದ.

ವಾಮದೇವಯ್ಯನವರು ಮೂರು ಸಲ ಬಂದರು. ಬಂದವರು ಪೆಟ್ಟಿಗೆ ಆರಿಸಿ, ನಾಲ್ಕು ಆಳನ್ನೂ ತಮ್ಮ ಕೈಯಾರೆ ಒಬ್ಬೊಬ್ಬರಾಗಿ ಎಬ್ಬಿಸಿ, ಕುರ್ಚಿ ಹಾಕಿಕೊಂಡು ನೋಡಿದರು. ಒಂದು ತಪ್ಪಿಲ್ಲ. ಎರಡನೆಯ ಸಲ ಪ್ರತಿಯೊಬ್ಬ ಆಳೂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಹಾಗೆ ಮಾಡಿದರು. ನೋಡಿದೆ ಅಂತ ಬರೆ, ತೆರೆದೆ ಅಂತ ಬರೆ, ಮುಚ್ಚಿದೆ ಅಂತ ಬರೆ. ಹತ್ತು ದಿನ ಬರೆದವು, ಹತ್ತು ದಿನವೂ ಒಂದು ತಪ್ಪಿಲ್ಲ. ಬರೆಯುವುದು ನಿಲ್ಲಿಸಿ ಅವರು ಬಸ್ ಹತ್ತಿದ ಮಾರನೆಯ ದಿನವೇ ಮೇಲಿನ ಕೇರಿ ಒಣಗಿತು. ಮೂರನೆಯ ಸಲ ಬಂದಾಗ ಅವರು ಪಂಚಾಯಿತಿ ಮುಂದೆ ಹೇಳಿಬಿಟ್ಟರು, ನನ್ನ ಪ್ರೋಗ್ರಾಂ ಚಿನ್ನ ಇದ್ದ ಹಾಗಿದೆ, ನಾನಿಲ್ಲದಾಗ ಯಾರದೋ ಕೈ ಆಡುತ್ತಿದೆ ಅಂತ. ಪಂಪ್‌ಹೌಸಿನ ಬೀಗದ ಕೈ ಒಬ್ಬನ ಹತ್ತಿರ ತಾನೇ ಇದ್ದದ್ದು. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

ಪಂಚಾಯಿತಿಯವರು ಹುಣ್ಣಿಮೆಯ ತನಕ ಗಡುವು ಕೊಟ್ಟರು. ಅಷ್ಟರೊಳಗೆ ನೀರು ನೆಟ್ಟಗಾಗದಿದ್ದರೆ ಮೈಲಾರಪ್ಪ ಬೀಗದ ಕೈ ಒಪ್ಪಿಸಿ ಮನೆಗೆ ಹೋಗಬೇಕು. ಕಳ್ಳ ಅಂತ ಯಾರೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಅಂದದ್ದಕ್ಕಿಂತ ಜೋರಾಗಿ ಕೇಳಿಸಿತು.

ಆಗ ಹಾಲಮ್ಮ ಗೋಡೆಗೆ ಇದ್ದಲಿನಲ್ಲಿ ಗೀಟು ಹಾಕಲು ಶುರು ಮಾಡಿದಳು. ಅದು ಮಂತ್ರದ ಚಿತ್ರ ಅಂತಾರೆ, ಯಂತ್ರ ಬರೆದಳು ಅಂತಾರೆ. ಮಂತ್ರವೂ ಅಲ್ಲ ಮಣ್ಣೂ ಅಲ್ಲ. ನೀರು ತಪ್ಪಿದ ದಿನಕ್ಕೊಂದು ಗೀಟು, ಅವತ್ತು ಊರಲ್ಲಿ ಬೇರೆ ಏನೇನು ಆಗಿತ್ತು ಅಂತ ಪಕ್ಕದಲ್ಲೊಂದು ಗುರುತು. ಅಮಾವಾಸ್ಯೆ ಬಂದಿತ್ತಾ, ಸಂತೆ ಇತ್ತಾ, ಮಾವ ಎಲ್ಲಿದ್ದ, ಕರೆಂಟ್ ಹೇಗಿತ್ತು. ಹೀಗೆ ಹಾಕುತ್ತಾ ಹಾಕುತ್ತಾ ಉಳಿದ ಗುರುತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಒಂದು ಮಾತ್ರ ಪ್ರತಿ ಗೀಟಿನ ಪಕ್ಕದಲ್ಲೂ ನಿಂತಿತು. ನೀರು ತಪ್ಪಿದ ದಿನವೆಲ್ಲ ಬೆಳಿಗ್ಗೆ ಕರೆಂಟ್ ಹೋಗಿ ಬಂದಿತ್ತು. ಕರೆಂಟ್ ಹೋಗಿ ಬಂದ ದಿನವೆಲ್ಲ ತಪ್ಪಿರಲಿಲ್ಲ, ಆದರೆ ತಪ್ಪಿದ ದಿನವೆಲ್ಲ ಕರೆಂಟ್ ಹೋಗಿ ಬಂದಿತ್ತು. ಈ ಎರಡು ಮಾತು ಒಂದೇ ಅಲ್ಲ. ಮತ್ತೊಂದು ಸಲ ಹೇಳಿಕೊಂಡು ನೋಡಿ.

ಕರೆಂಟಿಗೂ ಹಲಗೆಗೂ ಏನು ಸಂಬಂಧ? ಅದು ಅವಳಿಗೂ ತಿಳಿಯಲಿಲ್ಲ. ತಿಳಿದದ್ದು ಅಡುಗೆ ಮನೆಯಲ್ಲಿ. ಹಾಲಮ್ಮನಿಗೆ ಒಬ್ಬ ನೆಗೆಣ್ಣಿ ಇದ್ದಳು, ಗಂಡನ ಅಣ್ಣನ ಹೆಂಡತಿ. ಒಂದು ಬೆಳಿಗ್ಗೆ ಒಲೆಯ ಮೇಲೆ ಬೇಳೆ ಸಾರು ಕುದಿಯುತ್ತಿತ್ತು. ಹಾಲಮ್ಮ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದಳು, ಉಪ್ಪಿಲ್ಲ. ಉಪ್ಪು ತುಂಬಿದ ಮರದ ಮರಿಗೆ ನಡುಮನೆಯಲ್ಲಿತ್ತು, ತರಲು ಹೋದಳು. ಅವಳು ಅತ್ತ ಹೋದಾಗ ನೆಗೆಣ್ಣಿ ಹಿತ್ತಿಲಿಂದ ಬಂದು ಒಂದು ಹನಿ ನೆಕ್ಕಿದಳು, ಉಪ್ಪಿಲ್ಲ. ತನ್ನ ಸೆರಗಿನ ಗಂಟಲ್ಲೇ ಇದ್ದ ಉಪ್ಪು ಬಿಚ್ಚಿ ಹಾಕಿ ಹಿತ್ತಿಲಿಗೆ ಹೋದಳು. ಹಾಲಮ್ಮ ಬಂದು ತನ್ನ ಉಪ್ಪನ್ನೂ ಹಾಕಿದಳು. ಮೈಲಾರಪ್ಪ ತುತ್ತು ಬಾಯಿಗಿಟ್ಟ, ಒಂದು ಚೊಂಬು ನೀರು ಕುಡಿದ, ಇವತ್ತು ಹಸಿವಿಲ್ಲ ಅಂತ ಎದ್ದ.

ನೆಗೆಣ್ಣಿ, ನಾನು ರುಚಿ ನೋಡಿಯೇ ಹಾಕಿದ್ದು ಅಂದಳು. ಹಾಲಮ್ಮ, ನಾನೂ ರುಚಿ ನೋಡಿಯೇ ಹಾಕಿದ್ದು ಅಂದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ತಪ್ಪು ಮಾಡಿರಲಿಲ್ಲ. ಸಾರು ಮಾತ್ರ ಎಮ್ಮೆಗೂ ಹಾಕದ ಹಾಗಾಗಿತ್ತು. ಅಲ್ಲಿ ಹಾಲಮ್ಮ ಸೌಟು ಹಿಡಿದುಕೊಂಡು ನಿಂತುಬಿಟ್ಟಳಂತೆ. ಕೂಸು ಅತ್ತರೂ ಕೇಳಲಿಲ್ಲ, ಸಾರು ಉಕ್ಕಿದರೂ ಕೇಳಲಿಲ್ಲ. ಮೂರು ದಿನ ನಿಂತಿದ್ದಳು ಅಂತಾರೆ. ಹಾಲು ಕುಡಿಯುವ ಕೂಸಿನ ತಾಯಿ ಮೂರು ದಿನ ನಿಲ್ಲುವುದಕ್ಕೆ ಯಾರು ಬಿಡ್ತಾರೆ. ಒಂದು ಗಳಿಗೆ ನಿಂತಿರಬೇಕು. ಅಷ್ಟು ಸಾಕಾಯಿತು.

ನೋಡುವುದಕ್ಕೂ ಹಾಕುವುದಕ್ಕೂ ನಡುವೆ ಒಂದು ಸಂದು ಇದೆ. ಆ ಸಂದಿನಲ್ಲಿ ಇನ್ನೊಬ್ಬಳು ಬಂದು ಹೋಗಬಹುದು. ದಿನವೂ ಬರುವುದಿಲ್ಲ, ಯಾವತ್ತೋ ಬರುತ್ತಾಳೆ. ಪೆಟ್ಟಿಗೆಯೊಳಗಿನ ಆಳುಗಳೂ ಮೊದಲು ಹಲಗೆ ನೋಡುತ್ತವೆ, ಆಮೇಲೆ ಹೆಸರು ಬರೆಯುತ್ತವೆ. ಬೇರೆ ದಿನ ನಾಲ್ವರೂ ಹಿಂದೆ ಮುಂದೆ ಬರುತ್ತಾರೆ, ಏನೂ ಆಗುವುದಿಲ್ಲ. ಕರೆಂಟ್ ಹೋಗಿ ಬಂದರೆ ನಾಲ್ವರೂ ಒಂದೇ ಕ್ಷಣಕ್ಕೆ ಎದ್ದು ಹಲಗೆಗೆ ಓಡುತ್ತಾರೆ. ಇಬ್ಬರು ಒಟ್ಟಿಗೆ ನೋಡುತ್ತಾರೆ, ಇಬ್ಬರಿಗೂ ಹಲಗೆ ಖಾಲಿ, ಇಬ್ಬರೂ ವಾಲ್ವ್ ತೆರೆಯುತ್ತಾರೆ. ನೀರು ಎತ್ತರ ಬಿಟ್ಟು ತಗ್ಗಿಗೆ ಹೋಗುತ್ತದೆ. ಅಯ್ಯನವರು ಬಂದಾಗ ಒಬ್ಬೊಬ್ಬರನ್ನೇ ಎಬ್ಬಿಸಿದರು, ಅದಕ್ಕೆ ತಪ್ಪು ಕಾಣಲಿಲ್ಲ. ಬರೆಸಿದರು, ಬರೆಯುತ್ತಾ ಆಳುಗಳ ನಡಿಗೆಯೇ ಬದಲಾಯಿತು, ಅದಕ್ಕೆ ತಪ್ಪು ಕಾಣಲಿಲ್ಲ. ಎದುರಿಗೆ ನಿಂತು ನೋಡಿದರೆ ಅಡಗಿಕೊಳ್ಳುವ ತಪ್ಪು ಅದು.

ಹಾಲಮ್ಮ ಕೂಸನ್ನು ಕಂಕುಳಿಗೆ ಹಾಕಿಕೊಂಡು ವಾಮದೇವಯ್ಯನವರ ಕಚೇರಿಗೇ ಹೋದಳು. ಅವರು ಏನು ಓದಿದ್ದೀಯ ತಾಯಿ ಅಂತ ಕೇಳಿದರಂತೆ. ಎಸ್ಸೆಸ್ಸೆಲ್ಸಿ ಪಾಸು, ಆರು ತಿಂಗಳ ಕಂಪ್ಯೂಟರ್ ಕೋರ್ಸು ಅರ್ಧ, ಉಳಿದರ್ಧ ಮದುವೆ ನುಂಗಿತು ಅಂದಳಂತೆ. ಅವರು ನಕ್ಕರು. ಅವಳು ನಗಲಿಲ್ಲ. ಪ್ರೋಗ್ರಾಂ ಕಾಗದದ ಮೇಲೆ ತೆಗೆಸಿ ಕೊಡಿ ಅಂದಳು. ಕೊಟ್ಟರು. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ, ಒಂದು ಕಡೆ ಉಗುರಿನಿಂದ ಗೀರಿದಳು.

"ಅಯ್ಯನವರೇ, ಇಲ್ಲಿ ನೋಡ್ತೀರಿ. ಇಲ್ಲಿ ಬರೀತೀರಿ. ಇವೆರಡರ ನಡುವೆ ಬಾಗಿಲು ಹಾಕಿದ್ದೀರಾ?"

ವಾಮದೇವಯ್ಯನವರು, ಅಲ್ಲಿರುವ ಸಂದು ಕಣ್ಣುರೆಪ್ಪೆ ಬಡಿಯುವುದರ ಸಾವಿರದಲ್ಲೊಂದು ಪಾಲು, ಅದರೊಳಗೆ ಯಾರು ನುಗ್ಗುತ್ತಾರೆ ತಾಯಿ ಅಂದರು. ಅವಳು, ನುಗ್ಗುವವನೂ ಅಷ್ಟೇ ಸಣ್ಣವನಲ್ಲವಾ ಅಂದಳು. ಬಂದು ನಿಂತು ನೋಡಿ, ನಾನು ಹೇಳಿದ ಹಾಗೆ ನೋಡಿ, ನೀವು ನೋಡುವ ಹಾಗಲ್ಲ ಅಂದಳು. ಅವರಿಗೆ ಸಿಟ್ಟು ಬಂತು. ಆದರೂ ಬಂದರು. ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯ.

ಆ ದಿನದ ಮಾತು ಇವತ್ತಿಗೂ ಕತೆಯಾಗಿ ನಡೆದಿದೆ. ಹಾಲಮ್ಮ ಕೇರಿಗೊಬ್ಬ ಹೆಂಗಸಿಗೆ ಹಿತ್ತಾಳೆ ಬಿಂದಿಗೆ, ಒಂದು ಸೌಟು ಕೊಟ್ಟು ನಲ್ಲಿಯ ಮುಂದೆ ನಿಲ್ಲಿಸಿದಳು. ನಲ್ಲಿ ಉಸಿರು ಬಿಟ್ಟರೂ ಸಾಕು, ಬಾರಿಸಿ ಅಂದಳು. ಮೇಲಿನ ಕೇರಿಗೆ ಬಸಲಿಂಗವ್ವನನ್ನೇ ನಿಲ್ಲಿಸಿದಳು. ಅವಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು. ಮಾವನನ್ನು ಬಸಲಿಂಗವ್ವನ ಹೊಸ್ತಿಲ ಮೇಲೆ, ಅವಳ ಕಣ್ಣೆದುರಿಗೆ ಕೂರಿಸಿದಳು. ಎರಡೂ ಕೈ ಮಡಿಲಲ್ಲಿಟ್ಟುಕೋ ಮಾವ, ತುರಿಸಿಕೊಳ್ಳಬೇಕಾದರೂ ಬಸಲಿಂಗವ್ವನನ್ನು ಕೇಳಿ ತುರಿಸಿಕೋ ಅಂದಳು. ಬೀಗದ ಕೈಯನ್ನು ಪಂಚಾಯಿತಿ ಮೆಂಬರ್ ಕೈಗೆ ಕೊಟ್ಟಳು. ವಾಮದೇವಯ್ಯನವರು ಪಂಪ್‌ಹೌಸಿನಲ್ಲಿ. ಬರೆಸಬೇಡಿ, ಮುಟ್ಟಬೇಡಿ, ಎಬ್ಬಿಸಬೇಡಿ, ಕರೆಂಟ್ ಹೋಗಿ ಬಂದ ಹಾಗೆ ಫ್ಯೂಸ್ ಕಿತ್ತು ಮತ್ತೆ ಹಾಕಿ, ಅಷ್ಟೇ ಅಂದಳು.

ಮೊದಲ ಸಲ ಕಿತ್ತು ಹಾಕಿದರು. ಒಂದೇ ಬಿಂದಿಗೆ ಸದ್ದು ಮಾಡಿತು. ಎರಡನೆಯ ಸಲ, ಒಂದೇ. ಮೂರನೆಯ ಸಲ, ಒಂದೇ. ಬಸಲಿಂಗವ್ವ ಮೈಲಾರಪ್ಪನ ಕಡೆ ನೋಡಿದಳು, ನೋಡಿದ್ದು ಚೆನ್ನಾಗಿರಲಿಲ್ಲ. ಏಳನೆಯ ಸಲ, ಒಂದೇ. ಜನ ನಗಲು ಶುರು ಮಾಡಿದರು. ಹತ್ತನೆಯ ಸಲ ಒಂದೇ. ವಾಮದೇವಯ್ಯನವರು ಕೈ ಒರೆಸಿಕೊಂಡರು. ಹಾಲಮ್ಮ ಕೂಸನ್ನು ಎಡ ಕಂಕುಳಿಂದ ಬಲಕ್ಕೆ ಹಾಕಿಕೊಂಡು, ಇನ್ನೊಂದು ಸಲ ಕೀಳಿ ಅಂದಳು. ಕೆಲವರು ಎಪ್ಪತ್ತು ಸಲ ಅಂತಾರೆ, ಕೆಲವರು ಏಳುನೂರು ಅಂತಾರೆ. ಅಷ್ಟು ಸಲ ಕಿತ್ತರೆ ಫ್ಯೂಸ್ ಉಳಿಯುತ್ತಾ. ಹದಿಮೂರನೆಯ ಸಲಕ್ಕೆ ಕೆಳಗಿನ ಕೇರಿಯ ಬಿಂದಿಗೆ ಠಣ್ ಅಂತು. ಅದು ನಿಲ್ಲುವುದರೊಳಗೆ ಮೇಲಿನ ಕೇರಿಯ ನಲ್ಲಿ ಬುಸ್ ಅಂದಿತು, ಬಸಲಿಂಗವ್ವನ ಬಿಂದಿಗೆಯೂ ಠಣ್ ಅಂತು.

ಬುಸ್ ಅಂದ ನಲ್ಲಿ ಅಲ್ಲಿಗೇ ಸುಮ್ಮನಾಯಿತು. ಕೆಳಗಿನ ಕೇರಿಯಿಂದ ಮಾತ್ರ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಬಸಲಿಂಗವ್ವ ಒಣ ನಲ್ಲಿ ನೋಡಿದಳು. ಹೊಸ್ತಿಲ ಮೇಲೆ ಕೂತಿದ್ದ ಮೈಲಾರಪ್ಪನನ್ನು ನೋಡಿದಳು. ಅವನ ಕೈ ಎರಡೂ ಮಡಿಲಲ್ಲೇ ಇದ್ದವು. ಅವಳು ಸೌಟು ಕೆಳಗಿಟ್ಟಳು.

"ಮೈಲಾರಣ್ಣ, ಒಳಗೆ ಬಾ. ಬಿಸಿಲಿಗೆ ಕೂತಿದ್ದೀಯ," ಅಂದಳು.

ಅಷ್ಟೇ ಅಂದದ್ದು. ತಪ್ಪಾಯಿತು ಅಂತ ಅವಳೂ ಅನ್ನಲಿಲ್ಲ, ಅನ್ನು ಅಂತ ಅವನೂ ಕೇಳಲಿಲ್ಲ.

ವಾಮದೇವಯ್ಯನವರು ಅವತ್ತೇ ಕೂತು ಪ್ರೋಗ್ರಾಂನಲ್ಲಿ ಹಲಗೆಯ ಕೋಣೆಗೆ ಒಂದು ಚಿಲಕ ಹಾಕಿದರು. ಆಳು ಒಳಗೆ ಹೋಗಬೇಕು, ಚಿಲಕ ಹಾಕಿಕೊಳ್ಳಬೇಕು, ಹಲಗೆ ನೋಡಬೇಕು, ಹೆಸರು ಬರೆಯಬೇಕು, ಆಮೇಲೆ ಚಿಲಕ ತೆಗೆದು ಬರಬೇಕು. ಅಲ್ಲಿಯ ತನಕ ಉಳಿದವರು ಹೊರಗೆ. ಹಾಲಮ್ಮ ಮಾವನ ಉಡಿದಾರಕ್ಕೆ ಬೀಗದ ಕೈಯನ್ನು ಮತ್ತೆ ತಾನೇ ಕಟ್ಟಿದಳು. ಕತೆ ಇಲ್ಲಿಗೆ ಮುಗಿಯಿತು ಅಂತ ಹೇಳಿ ಎದ್ದು ಹೋಗುವವರಿದ್ದಾರೆ. ಅವರಿಗೆ ಅರ್ಧ ಕತೆಯೇ ಗೊತ್ತು.

ಒಂದು ಚಿಲಕ ಹಾಕಿ ಹೆಸರು ಬಂದಮೇಲೆ ವಾಮದೇವಯ್ಯನವರಿಗೆ ಚಿಲಕದ ಮೇಲೆ ಪ್ರೀತಿ ಹುಟ್ಟಿತು. ಟ್ಯಾಂಕಿಗೆ ನೀರೆತ್ತುವ ಮೋಟರ್‌ಗೂ ಒಂದು ಚಿಲಕ ಹಾಕಿದರು. ನೀರು ಬಿಡುವ ಆಳು ಹಲಗೆಯ ಚಿಲಕವನ್ನೂ ಹಿಡಿಯಬೇಕು, ಮೋಟರಿನ ಚಿಲಕವನ್ನೂ ಹಿಡಿಯಬೇಕು, ಆಮೇಲೆ ಕೆಲಸ. ಎಂಟು ದಿನ ನಾಲ್ಕು ಕೇರಿಯೂ ನೀರು ಕಂಡಿತು. ಒಂಬತ್ತನೆಯ ದಿನ ಟ್ಯಾಂಕ್ ತುಂಬಾ ನೀರು, ನಾಲ್ಕೂ ನಲ್ಲಿ ಒಣ. ಪೆಟ್ಟಿಗೆ ಚಾಲೂ ಇದೆ, ದೀಪ ಹೊಳೆಯುತ್ತಿದೆ, ಒಬ್ಬ ಆಳೂ ಮಿಸುಕುತ್ತಿಲ್ಲ. ಮೊದಲು ಒಂದು ಕೇರಿ ಬೈಯುತ್ತಿತ್ತು, ಈಗ ನಾಲ್ಕೂ ಬೈದವು. ಮಾವನ ಕಾಲಕ್ಕೆ ಅರ್ಧ ನೀರಾದರೂ ಇತ್ತು, ಸೊಸೆಯ ಕಾಲಕ್ಕೆ ಅದೂ ಇಲ್ಲ ಅಂದರು. ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಮೈಲಾರಪ್ಪ ಸೊಂಟದ ಗಂಟಿಗೆ ಕೈ ಹಾಕಿದ. ನನ್ನಿಂದ ಮನೆಯ ಹೆಣ್ಣುಮಗಳು ಬೈಸಿಕೊಳ್ಳುವುದು ಬೇಡ, ಕೊಟ್ಟುಬಿಡ್ತೀನಿ ಅಂದ.

"ಗಂಟು ಮುಟ್ಟಬೇಡ ಮಾವ," ಅಂದಳು ಹಾಲಮ್ಮ. "ಕಟ್ಟಿದವಳು ನಾನು."

ವಾಮದೇವಯ್ಯನವರು ಚಿಲಕ ಎರಡೂ ತೆಗೆದುಬಿಡ್ತೀನಿ ಅಂದರು. ಅವಳು ತೆಗೆಯಬೇಡಿ ಅಂದಳು. ಮತ್ತೆ ಕಾಗದ ತೆಗೆಸಿಕೊಂಡು ನಾಲ್ಕೂ ಆಳಿನ ಸಾಲು ಓದಿದಳು. ಮೂರು ಆಳು ಮೊದಲು ಹಲಗೆಯ ಚಿಲಕ ಹಿಡಿಯುತ್ತಿದ್ದವು, ಆಮೇಲೆ ಮೋಟರಿನದು. ನಾಲ್ಕನೆಯವನದನ್ನು ಅಯ್ಯನವರು ಊಟವಾದ ಮೇಲೆ ತೂಕಡಿಸುತ್ತಾ ಬರೆದಿದ್ದರೋ ಏನೋ, ಅವನು ಮೊದಲು ಮೋಟರಿನದು ಹಿಡಿದು ಆಮೇಲೆ ಹಲಗೆಯದಕ್ಕೆ ಕೈ ಚಾಚುತ್ತಿದ್ದ. ಅದನ್ನು ನೋಡಿ ಹಾಲಮ್ಮ ನಕ್ಕಳು. ಇದು ಅವಳ ಮನೆಯಲ್ಲಿ ಆಗದ ಸಂಗತಿಯೇನಲ್ಲ. ಹಿಂದೊಂದು ದಿನ ಅವಳು ಒಲೆಯ ಮುಂದೆ ಕೂತಿದ್ದಳು, ರೊಟ್ಟಿಯ ಹಂಚು ನೆಗೆಣ್ಣಿಯ ಕೈಯಲ್ಲಿತ್ತು. ಹಂಚು ಕೊಡು ಅಂತ ಇವಳು, ಒಲೆ ಬಿಡು ಅಂತ ಅವಳು. ಹಿಡಿದದ್ದನ್ನು ಇಬ್ಬರೂ ಬಿಡಲಿಲ್ಲ. ಬೆಂಕಿ ಆರಿತು, ಹಿಟ್ಟು ಒಣಗಿತು, ಗಂಡಸರು ಹೊಲದಿಂದ ಬಂದು ಅವಲಕ್ಕಿ ತಿಂದರು. ಪೆಟ್ಟಿಗೆಯೊಳಗೆ ಒಬ್ಬನ ಕೈಯಲ್ಲಿ ಒಲೆ, ಇನ್ನೊಬ್ಬನ ಕೈಯಲ್ಲಿ ಹಂಚು. ಬೆಳಗಿನಿಂದ ಕೂತಿದ್ದಾರೆ, ಇಬ್ಬರಲ್ಲಿ ಒಬ್ಬನಿಗೂ ನಾಚಿಕೆಯಿಲ್ಲ.

ಆ ಜಗಳದ ಮೇಲೆ ಇಬ್ಬರೂ ಸೇರಿ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದರು. ಒಲೆ ಸಿಗದೆ ಯಾರೂ ಹಂಚು ಮುಟ್ಟಬಾರದು. ಅದನ್ನೇ ಅಯ್ಯನವರಿಗೆ ಹೇಳಿದಳು. ನಾಲ್ವರಿಗೂ ಒಂದೇ ಕ್ರಮ ಇರಲಿ, ಮೊದಲು ಹಲಗೆ, ಆಮೇಲೆ ಮೋಟರ್. ಹಲಗೆಯ ಚಿಲಕ ಸಿಗದವನು ಮೋಟರಿನ ಕಡೆ ತಲೆ ಹಾಕಬಾರದು. ವಾಮದೇವಯ್ಯನವರು ಎರಡು ಸಾಲು ಹಿಂದೆ ಮುಂದೆ ಮಾಡಿದರು. ಬರೀ ಎರಡು ಸಾಲು. ಅವರ ಬಾಯಲ್ಲಿ ಎಂದೂ ಬಾರದ ಮಾತು ಅವತ್ತು ಬಂತು ಅಂತಾರೆ.

"ತಪ್ಪು ನನ್ನದು ತಾಯಿ," ಅಂದರಂತೆ. "ನಿಮ್ಮ ಮಾವನದಲ್ಲ."

ಮೈಲಾರಪ್ಪ ಅದನ್ನು ಕೇಳಿಸಿಕೊಂಡ. ಅವತ್ತು ಊಟಕ್ಕೆ ಕೂತು ಇನ್ನೆರಡು ರೊಟ್ಟಿ ಹಾಕು ಅಂದ.

ಹುಣ್ಣಿಮೆಯ ಬೆಳಿಗ್ಗೆ ಎಲ್ಲರ ಬಾಯಿ ಮುಚ್ಚಿಸುವುದಕ್ಕೋ ಏನೋ ಕರೆಂಟ್ ತಾನಾಗಿಯೇ ಹೋಯಿತು. ಊರು ಊರೇ ನಲ್ಲಿಗಳ ಮುಂದೆ ನಿಂತಿತು. ಕರೆಂಟ್ ಬಂತು. ಮೊದಲ ನೀರು ಮೇಲಿನ ಕೇರಿಗೆ ಬಂತು, ಬೆರಳು ಗಾತ್ರದ ಧಾರೆಯಲ್ಲ, ತೋಳು ಗಾತ್ರದ್ದು. ಉಳಿದ ಮೂರು ಕೇರಿ ಸುಮ್ಮನೆ ಕಾದವು. ಬಸಲಿಂಗವ್ವ ತನ್ನ ಬಿಂದಿಗೆ ತುಂಬಿಸಿ ತಲೆಯ ಮೇಲಿಟ್ಟುಕೊಂಡಳು. ತನ್ನ ಮನೆಯ ಬಾಗಿಲು ದಾಟಿ ಮುಂದೆ ಹೋದಳು. ಇಳಿಜಾರಿನಲ್ಲಿ ಇಳಿದು, ಕೆಳಗಿನ ಕೇರಿಗೆ ಬಂದು, ಮೈಲಾರಪ್ಪನ ಮನೆಯ ಜಗುಲಿಯ ಮೇಲೆ ಬಿಂದಿಗೆ ಇಳಿಸಿದಳು. ಹಾಲಮ್ಮ ಹೊರಗೆ ಬಂದಳು. ಕೂಸಿನ ಬಟ್ಟೆ ಎಷ್ಟಿದೆಯೋ ಎಲ್ಲ ಒಗೆದುಕೋ ಅಂದಳಂತೆ ಬಸಲಿಂಗವ್ವ. ಹೊತ್ತು ತಂದವಳು ನೀನು, ಒಗೆಯುವವಳೂ ನೀನೇ ಆದರೆ ಚೆನ್ನ ಅಂದಳಂತೆ ಹಾಲಮ್ಮ. ಇಬ್ಬರೂ ನಕ್ಕದ್ದು ಮೇಲಿನ ಕೇರಿಯ ತನಕ ಕೇಳಿಸಿತು ಅಂತಾರೆ. ಇದನ್ನು ನಾನು ನಂಬುತ್ತೀನಿ.

ಮೈಲಾರಪ್ಪ ಆಮೇಲೆ ಹನ್ನೊಂದು ವರ್ಷ ನೀರಗಂಟಿಯಾಗಿದ್ದ. ಬೀಗದ ಕೈ ಉಡಿದಾರದಲ್ಲಿ ಇರುವಾಗಲೇ ಕಣ್ಣು ಮುಚ್ಚಿದ. ಹಾಲಮ್ಮನನ್ನು ಹತ್ತೂರಿನವರು ಕರೆದರು. ಎರಡು ಪೆಟ್ಟಿಗೆ ಸರಿಮಾಡಿದಳು ಅಂತ ಕೆಲವರು, ಇನ್ನೂರು ಅಂತ ಕೆಲವರು. ಅವಳು ಹೋದ ಮೇಲೆ ಅವಳ ಹೆಸರಲ್ಲಿ ಯಾರೂ ಕಲ್ಲು ನೆಡಲಿಲ್ಲ, ಫೋಟೋ ತೂಗುಹಾಕಲಿಲ್ಲ. ಆದರೆ ಆ ಸೀಮೆಯಲ್ಲಿ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವವರು ಚಿಲಕಕ್ಕೆ ಬೇರೆ ಹೆಸರು ಇಡುವುದಿಲ್ಲವಂತೆ. ಹಾಲಮ್ಮನನ್ನು ಹಿಡಿ, ಹಾಲಮ್ಮನನ್ನು ಬಿಡು ಅಂತಲೇ ಬರೆಯುತ್ತಾರಂತೆ. ಹೊರಗಿನಿಂದ ಹೊಸದಾಗಿ ಬಂದವರು ಇದೇನು ಹೆಸರು ಅಂತ ನಕ್ಕರೆ, ಪಂಪ್‌ಹೌಸಿನ ಮುಂದೆ ಕೂರಿಸಿಕೊಂಡು ಇಷ್ಟೂ ಕತೆ ಹೇಳಿ ಕಳಿಸುತ್ತಾರೆ.

ಆ ಊರಲ್ಲಿ ಇವತ್ತಿಗೂ ಕರೆಂಟ್ ಹೋಗಿ ಬಂದ ಬೆಳಿಗ್ಗೆ ಮೇಲಿನ ಕೇರಿಯ ಮೊದಲ ಬಿಂದಿಗೆ ಯಾರ ಮನೆಯೊಳಗೂ ಹೋಗುವುದಿಲ್ಲ. ಕೇರಿಯಲ್ಲಿ ಯಾರ ಪಾಳಿಯೋ ಅವಳು ಅದನ್ನು ಹೊತ್ತುಕೊಂಡು ಇಳಿಜಾರಿನಲ್ಲಿ ಇಳಿಯುತ್ತಾಳೆ. ಕೆಳಗಿನ ಕೇರಿಯ ಆ ಮನೆಗೆ ಈಗ ಒಳಗೇ ಎರಡು ನಲ್ಲಿ ಇವೆ, ಎರಡರಲ್ಲೂ ನೀರು ಬರುತ್ತದೆ. ಆದರೂ ಮನೆಯವರು ಬಾಗಿಲಿಗೆ ಬಂದು, ಬೇಡ ಅನ್ನದೆ, ಬಿಂದಿಗೆ ಇಳಿಸಿಕೊಳ್ಳುತ್ತಾರೆ. ಖಾಲಿ ಬಿಂದಿಗೆ ವಾಪಸ್ ಕೊಡುವ ತನಕ ತಂದವಳು ಜಗುಲಿಯ ಮೇಲೆ ಕೂತು ಅವರ ಮನೆಯ ಚಹಾ ಕುಡಿಯುತ್ತಾಳೆ.